ಯಾರೂ ನೋಡದ ದಾರಿಯಲ್ಲಿ

ಮನುಷ್ಯನ ಪ್ರಾಮಾಣಿಕತೆಯನ್ನು ಅಳೆಯುವ ಸ್ಥಳಗಳು ಹಲವು. ಅಂಗಡಿಯ ತಕ್ಕಡಿ ಒಂದು, ಸಂಸ್ಥೆಯ ಲೆಕ್ಕದ ಪುಸ್ತಕ ಇನ್ನೊಂದು, ನ್ಯಾಯಾಲಯದ ಕಟಕಟೆ ಮತ್ತೊಂದು. ಈ ಎಲ್ಲ ಕಡೆಗಳಲ್ಲಿಯೂ ನೋಡುವ ಕಣ್ಣೊಂದು ಇದ್ದೇ ಇರುತ್ತದೆ. ಗಿರಾಕಿಯ ದೃಷ್ಟಿ ತಕ್ಕಡಿಯ ಮುಳ್ಳಿನ ಮೇಲಿರುತ್ತದೆ, ಲೆಕ್ಕಪರಿಶೋಧಕನ ದೃಷ್ಟಿ ಪುಸ್ತಕದ ಮೇಲಿರುತ್ತದೆ. ಆದರೆ ನೋಡುವ ಕಣ್ಣೇ ಇಲ್ಲದ ಎಡೆಯಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ನೀತಿಶಾಸ್ತ್ರದ ಬಹು ಹಳೆಯ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಸಾಮಾನ್ಯವಾಗಿ ಯಾರೂ ಕ್ರೀಡಾಂಗಣದ ಕಡೆಗೆ ಹೋಗುವುದಿಲ್ಲ. ಅಲ್ಲಿ ಸಾವಿರಾರು ಪ್ರೇಕ್ಷಕರು, ಹತ್ತಾರು ತೀರ್ಪುಗಾರರು. ಆದರೂ ಕೆಲವು ಕ್ರೀಡೆಗಳಿಗೆ ಕ್ರೀಡಾಂಗಣವೆಂಬುದೇ ಇಲ್ಲ. ನೂರಾರು ಕಿಲೋಮೀಟರುಗಳ ಸಾರ್ವಜನಿಕ ರಸ್ತೆಯೇ ಅವುಗಳ ಅಂಗಣ. ರಾತ್ರಿಯ ಎರಡು ಗಂಟೆಗೆ ಆ ರಸ್ತೆಯಲ್ಲಿ ಸವಾರನೂ ಅವನ ಸೈಕಲ್ಲಿನ ದೀಪವೂ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಅಂಥ ದಾರಿಯಲ್ಲಿ ನಿಯಮವನ್ನು ಪಾಲಿಸಿದವನನ್ನು ಹೊಗಳಲು ಯಾರೂ ಇಲ್ಲ, ಮುರಿದವನನ್ನು ಹಿಡಿಯಲೂ ಯಾರೂ ಇಲ್ಲ.

ಇಂಥ ದಾರಿಗಳ ಪೈಕಿ ಬಹು ಹಳೆಯದೂ ಪ್ರಸಿದ್ಧವೂ ಆದುದು ಫ್ರಾನ್ಸ್ ದೇಶದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ರಾಜಧಾನಿಯ ಬಳಿಯಿಂದ ಹೊರಟು, ಅಟ್ಲಾಂಟಿಕ್ ಸಾಗರದ ದಡದಲ್ಲಿರುವ ಬ್ರೆಸ್ಟ್ ಎಂಬ ಬಂದರು ಪಟ್ಟಣವನ್ನು ಮುಟ್ಟಿ, ಮತ್ತೆ ಹೊರಟಲ್ಲಿಗೇ ಹಿಂದಿರುಗುವ ಸುಮಾರು 1,200 ಕಿಲೋಮೀಟರುಗಳ ಸೈಕಲ್ ಸವಾರಿ ಇದು. ಇದನ್ನು ಮುಗಿಸಲು ಇಂದು ಸವಾರನಿಗೆ ದೊರೆಯುವ ಗರಿಷ್ಠ ಅವಧಿ 90 ಗಂಟೆ. ಲೆಕ್ಕ ಹಾಕಿದರೆ ಗಂಟೆಗೆ ಹದಿಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಪೇಟೆಗೆ ತರಕಾರಿ ತರಲು ಹೊರಟವನ ವೇಗವೂ ಇದಕ್ಕಿಂತ ಕಡಿಮೆಯಿರಲಾರದು. ಆದರೆ ಈ ಗಡಿಯಾರವು ಎಲ್ಲಿಯೂ ನಿಲ್ಲುವುದಿಲ್ಲ. ಊಟ, ನಿದ್ರೆ, ಪಂಕ್ಚರ್, ಮಳೆ, ದಾರಿ ತಪ್ಪಿ ಸುತ್ತಿದ್ದು, ಎಲ್ಲವೂ ಆ ತೊಂಬತ್ತು ಗಂಟೆಗಳೊಳಗೇ ಸೇರಬೇಕು. ಸಾಲದ್ದಕ್ಕೆ ದಾರಿಯು ಏರಿಳಿತಗಳಿಂದ ತುಂಬಿದೆ. ಏರಿದ ಎತ್ತರಗಳನ್ನೆಲ್ಲ ಕೂಡಿಸಿದರೆ ಹತ್ತು ಸಾವಿರ ಮೀಟರುಗಳನ್ನು ಮೀರುತ್ತದೆ. ಕಷ್ಟವಿರುವುದು ವೇಗದಲ್ಲಲ್ಲ, ನಿರಂತರತೆಯಲ್ಲಿ.

ಇದು ಪ್ರಾರಂಭವಾದದ್ದು 1891ರ ಸೆಪ್ಟೆಂಬರ್ 6ರಂದು. ‘ಲ ಪತಿ ಜುರ್ನಾಲ್’ ಎಂಬ ಪತ್ರಿಕೆಯ ಸಂಪಾದಕ ಪಿಯೆರ್ ಜಿಫಾರ್ ಅವರು, ಬೈಸಿಕಲ್ಲು ಶ್ರೀಮಂತರ ಆಟಿಕೆಯಲ್ಲ, ದೂರ ಪ್ರಯಾಣಕ್ಕೆ ಯೋಗ್ಯವಾದ ವಾಹನ ಎಂದು ಜನರಿಗೆ ತೋರಿಸಲು ಈ ಸ್ಪರ್ಧೆಯನ್ನು ಏರ್ಪಡಿಸಿದರು. ಸುಮಾರು ಇನ್ನೂರು ಮಂದಿ ಹೊರಟರು. ಯಾರೂ ನಡುವೆ ಸೈಕಲ್ಲನ್ನು ಬದಲಾಯಿಸದಂತೆ ವಾಹನಗಳಿಗೆ ಮೊದಲೇ ಮೊಹರು ಹಾಕಲಾಗಿತ್ತು. ಆ ಕಾಲದ ರಸ್ತೆಗಳು ಮಣ್ಣು ಮತ್ತು ಕಲ್ಲಿನವು. ಗಾಳಿ ತುಂಬಿದ ಟೈರುಗಳು ಆಗಷ್ಟೇ ಬಂದಿದ್ದವು. ಮೂರನೆಯ ರಾತ್ರಿ ಮುಂದಿದ್ದ ಜೀಲ್-ಲಾವಾಲ್ ಎಂಬವರು ದಣಿವಾರಿಸಿಕೊಳ್ಳಲು ಮಲಗಿದರು. ಹಿಂದಿನಿಂದ ಬಂದ ಶಾರ್ಲ್ ತೆರೋಂ ಎಂಬವರು ಮಲಗದೆ ಮುಂದೆ ಸಾಗಿದರು. ಸುಮಾರು 71 ಗಂಟೆಗಳಲ್ಲಿ, ನಿದ್ರೆಯನ್ನೇ ಮಾಡದೆ, ತೆರೋಂ ಅವರು ಪ್ಯಾರಿಸ್ ಸೇರಿದರು. ಅವರನ್ನು ಎದುರುಗೊಳ್ಳಲು ಸಾವಿರಾರು ಜನ ಕಾದಿದ್ದರು. ಹೊರಟವರಲ್ಲಿ ಸುಮಾರು ನೂರು ಮಂದಿ ಮುಂದಿನ ಕೆಲವು ದಿನಗಳಲ್ಲಿ ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಜನ ನೆನಪಿಟ್ಟುಕೊಂಡದ್ದು ಗೆದ್ದವರ ಹೆಸರನ್ನು. ಆದರೆ ತಡವಾಗಿ ಬಂದ ಆ ನೂರು ಮಂದಿಯೇ ಮುಂದೆ ಈ ದಾರಿಯ ನಿಜವಾದ ವಾರಸುದಾರರಾದರು ಎಂಬುದು ಇತಿಹಾಸದ ವೈಚಿತ್ರ್ಯ.

ಗೆಲುವೇ ಗುರಿಯಾದಾಗ ಏನಾಗುತ್ತದೆ ಎಂಬುದಕ್ಕೆ ಈ ದಾರಿಯಲ್ಲಿಯೇ ಗೆದ್ದ ಇನ್ನೊಬ್ಬರ ಕಥೆಯಿದೆ. 1901ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯನ್ನು ಸುಮಾರು 52 ಗಂಟೆಗಳಲ್ಲಿ ಗೆದ್ದವರು ಮೋರಿಸ್ ಗಾರಾಂ. 1903ರಲ್ಲಿ ಮೊದಲ ‘ಟೂರ್ ದ ಫ್ರಾನ್ಸ್’ ಸ್ಪರ್ಧೆಯನ್ನು ಗೆದ್ದವರೂ ಅವರೇ. ಮರುವರ್ಷ ಮತ್ತೆ ಅವರೇ ಮೊದಲಿಗರಾಗಿ ಬಂದರು. ಆದರೆ ಆ ವರ್ಷದ ಸ್ಪರ್ಧೆ ಅಕ್ರಮಗಳಿಂದ ತುಂಬಿಹೋಗಿತ್ತು. ರಾತ್ರಿಯ ಕತ್ತಲಲ್ಲಿ ಸವಾರರು ಮೋಟಾರು ವಾಹನಗಳ ನೆರವು ಪಡೆದರು, ರೈಲು ಹತ್ತಿದರು ಎಂಬ ಆಪಾದನೆಗಳು ಬಂದವು. ವಿಚಾರಣೆ ನಡೆದು, 1904ರ ವರ್ಷಾಂತ್ಯದ ಹೊತ್ತಿಗೆ ಗಾರಾಂ ಸೇರಿದಂತೆ ಮೊದಲ ನಾಲ್ಕು ಸ್ಥಾನ ಪಡೆದವರನ್ನೂ ಅನರ್ಹರೆಂದು ಘೋಷಿಸಲಾಯಿತು. ಐದನೆಯವರಾಗಿ ಬಂದಿದ್ದ ಆನ್ರಿ ಕಾರ್ನೆ ಎಂಬ ಹತ್ತೊಂಬತ್ತರ ತರುಣ ವಿಜೇತರಾದರು. ಗಾರಾಂ ಅವರ ಶಕ್ತಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಾವಿರಾರು ಕಿಲೋಮೀಟರು ಸವಾರಿ ಮಾಡಬಲ್ಲ ದೇಹ ಅವರಲ್ಲಿತ್ತು. ದೇಹದ ಸಹನೆಗೂ ಮನಸ್ಸಿನ ಸಂಯಮಕ್ಕೂ ನಡುವೆ ಎಷ್ಟು ಅಂತರವಿರಬಲ್ಲದು ಎಂಬುದಕ್ಕೆ ಈ ಘಟನೆ ಒಂದು ಸಾಕ್ಷ್ಯ. ಕಷ್ಟವನ್ನು ಸಹಿಸುವವನು ಸಹಜವಾಗಿಯೇ ಸಜ್ಜನನಾಗಿರುತ್ತಾನೆ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹುವಾಗಿ ಹರಡಿದೆ. ಅದು ನಿಜವಲ್ಲ. ಕಳ್ಳನೂ ರಾತ್ರಿಯೆಲ್ಲ ಎಚ್ಚರವಾಗಿರಬಲ್ಲ.

ಇದೇ ದಾರಿಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1951ರಲ್ಲಿ ವೃತ್ತಿಪರ ಸವಾರರ ಕೊನೆಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆ ನಡೆಯಿತು. ಮೋರಿಸ್ ದಿಯೋ ಮತ್ತು ಎದ್ವಾರ್ ಮುಲ್ಲರ್ ಎಂಬಿಬ್ಬರು ಉಳಿದವರನ್ನು ಹಿಂದೆ ಹಾಕಿ ಜೊತೆಯಾಗಿ ಬರುತ್ತಿದ್ದರು. ಗುರಿ ಇನ್ನು ಕೇವಲ 22 ಕಿಲೋಮೀಟರು ಇರುವಾಗ, ತ್ರಾಪ್ ಎಂಬ ಊರಿನಲ್ಲಿ ಮುಲ್ಲರ್ ಅವರ ಟೈರು ಪಂಕ್ಚರ್ ಆಯಿತು. ದಿಯೋ ಅವರು ಒಬ್ಬರೇ ಮುಂದೆ ಹೋಗಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ, ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಅವರು ನಿಂತರು. ಜೊತೆಗಾರನ ಟೈರು ಸರಿಯಾಗುವವರೆಗೆ ಕಾದರು. ಬಳಿಕ ಇಬ್ಬರೂ ಪ್ಯಾರಿಸ್ಸಿನ ಕ್ರೀಡಾಂಗಣವನ್ನು ಜೊತೆಯಾಗಿಯೇ ತಲುಪಿದರು. ಕೊನೆಯ ಓಟದಲ್ಲಿ ದಿಯೋ ಅವರೇ ಗೆದ್ದರು. ಅವಧಿ 38 ಗಂಟೆ 55 ನಿಮಿಷ. ವೃತ್ತಿಪರರ ಕಾಲದ ಅತ್ಯಂತ ವೇಗದ ಸವಾರಿ ಅದೇ ಆಗಿ ಉಳಿಯಿತು. ಕಾಯುವುದರಲ್ಲಿ ಕಳೆದ ನಿಮಿಷಗಳೂ ಆ ಲೆಕ್ಕದೊಳಗೇ ಸೇರಿವೆ ಎಂಬುದನ್ನು ಗಮನಿಸಬೇಕು. ನಿಯಮವು ಹೇಳದಿದ್ದುದನ್ನು ಮಾಡುವುದರಲ್ಲಿ ನೀತಿಯ ಒಂದು ಮೆಟ್ಟಿಲು ಮೇಲಿದೆ.

ವೃತ್ತಿಪರರು ಕ್ರಮೇಣ ಈ ದೀರ್ಘ ಸ್ಪರ್ಧೆಯಿಂದ ದೂರ ಸರಿದರು. ಅವರು ಬಿಟ್ಟುಹೋದ ದಾರಿಯನ್ನು ಹವ್ಯಾಸಿಗಳು ಉಳಿಸಿಕೊಂಡರು. 1904ರಲ್ಲಿ ಸ್ಥಾಪಿತವಾದ ‘ಓದಾಕ್ಸ್ ಕ್ಲಬ್ ಪಾರಿಜಿಯಾಂ’ ಎಂಬ ಸಂಘವು 1921ರಿಂದ ‘ಬ್ರೆವೆ’ ಎಂಬ ದೂರ ಸವಾರಿಗಳನ್ನು ತನ್ನದೇ ಕ್ರಮದಲ್ಲಿ ನಡೆಸತೊಡಗಿತ್ತು. 1931ರಲ್ಲಿ ವೃತ್ತಿಪರರ ಸ್ಪರ್ಧೆಯ ಜೊತೆಜೊತೆಗೇ ಹವ್ಯಾಸಿಗಳಿಗೂ ಪ್ಯಾರಿಸ್–ಬ್ರೆಸ್ಟ್ ದಾರಿ ತೆರೆಯಿತು. 1891ರಲ್ಲಿ ಹೆಸರು ಕೊಟ್ಟಿದ್ದ ಮಹಿಳೆಯರಿಗೆ ಅವಕಾಶವನ್ನು ನಿರಾಕರಿಸಲಾಗಿತ್ತು. ನಲವತ್ತು ವರ್ಷಗಳ ಬಳಿಕ ಮಹಿಳೆಯರೂ ಆ ಹವ್ಯಾಸಿಗಳ ಸಾಲಿನಲ್ಲಿ ಸವಾರಿ ಮಾಡಿದರು. 1970ರ ದಶಕದಿಂದ ಇದು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿದೆ. 2019ರಲ್ಲಿ ಮತ್ತು 2023ರಲ್ಲಿ ರಾಂಬುಯೆ ಎಂಬ ಊರಿನಿಂದ ಹೊರಟವರ ಸಂಖ್ಯೆ ಆರು ಸಾವಿರವನ್ನು ಮೀರಿತ್ತು.

ಬ್ರೆವೆ ಎಂಬುದು ಸ್ಪರ್ಧೆಯಲ್ಲ. ಅಲ್ಲಿ ಮೊದಲನೆಯವನು ಎಂಬುವನಿಲ್ಲ, ಕೊನೆಯವನೂ ಇಲ್ಲ. ಬಹುಮಾನದ ಹಣವಿಲ್ಲ. ನಿಗದಿತ ಅವಧಿಯೊಳಗೆ ಮುಗಿಸಿದವರೆಲ್ಲರಿಗೂ ದೊರೆಯುವ ಮನ್ನಣೆ ಒಂದೇ. ಪ್ಯಾರಿಸ್ಸಿಗೆ ಹೋಗಬೇಕಾದವನು ಅದೇ ವರ್ಷದಲ್ಲಿ 200, 300, 400 ಮತ್ತು 600 ಕಿಲೋಮೀಟರುಗಳ ನಾಲ್ಕು ಬ್ರೆವೆಗಳನ್ನು ಪೂರೈಸಿರಬೇಕು. ಅವುಗಳಿಗೆ ಕ್ರಮವಾಗಿ ಹದಿಮೂರೂವರೆ, ಇಪ್ಪತ್ತು, ಇಪ್ಪತ್ತೇಳು ಮತ್ತು ನಲವತ್ತು ಗಂಟೆಗಳ ಅವಧಿ. ಹೊರಡುವಾಗ ಸವಾರನ ಕೈಗೆ ಮಡಚಬಹುದಾದ ಒಂದು ಕಾರ್ಡನ್ನು ಕೊಡುತ್ತಾರೆ. ದಾರಿಯಲ್ಲಿ ಗೊತ್ತುಪಡಿಸಿದ ತಪಾಸಣಾ ಸ್ಥಳಗಳಲ್ಲಿ ಅದಕ್ಕೆ ಮುದ್ರೆ ಒತ್ತಿಸಿ, ವೇಳೆಯನ್ನು ಬರೆಸಿಕೊಳ್ಳಬೇಕು. ಆ ಸ್ಥಳಗಳ ನಡುವೆ ಹೊರಗಿನ ಯಾವ ವಾಹನದ ನೆರವನ್ನೂ ಪಡೆಯುವಂತಿಲ್ಲ. ಸರಪಳಿ ತುಂಡಾದರೂ, ಚಕ್ರದ ಕಡ್ಡಿ ಮುರಿದರೂ, ಹಸಿವಾದರೂ ಸವಾರನೇ ದಾರಿ ಕಂಡುಕೊಳ್ಳಬೇಕು. ಅಂಗಡಿಯಲ್ಲಿ ಕೊಂಡು ತಿನ್ನಬಹುದು, ಸಹ ಸವಾರನಿಂದ ಪಂಪು ಕೇಳಿ ಪಡೆಯಬಹುದು. ಆದರೆ ತನಗಾಗಿಯೇ ಹಿಂಬಾಲಿಸುವ ಕಾರು ಇರಕೂಡದು. ಎಲ್ಲಿಯಾದರೂ ಮುಂಚಿತವಾಗಿ ತಿಳಿಸದ ಗುಪ್ತ ತಪಾಸಣೆಯೂ ಇರಬಹುದು.

ಆದರೂ 1,200 ಕಿಲೋಮೀಟರುಗಳಲ್ಲಿ ತಪಾಸಣಾ ಸ್ಥಳಗಳು ಹದಿನೈದೋ ಇಪ್ಪತ್ತೋ ಮಾತ್ರ. ಒಂದರಿಂದ ಇನ್ನೊಂದಕ್ಕೆ ಅರವತ್ತು, ಎಂಬತ್ತು ಕಿಲೋಮೀಟರುಗಳ ಅಂತರ. ಆ ಅಂತರದಲ್ಲಿ ಕಾರ್ಡು ಮೂಕ. ಅದಕ್ಕೆ ಕಣ್ಣಿಲ್ಲ. ಕಾರ್ಡಿನಲ್ಲಿರುವ ಮುದ್ರೆಯು ಸವಾರನು ಇಲ್ಲಿದ್ದನು ಎಂದು ಹೇಳಬಲ್ಲುದೇ ಹೊರತು, ಹೇಗೆ ಬಂದನು ಎಂದು ಹೇಳಲಾರದು. ಹೇಗೆ ಬಂದನು ಎಂಬುದನ್ನು ಬಲ್ಲವನು ಅವನೊಬ್ಬನೇ.

ಓಟದ ಜಗತ್ತಿನಲ್ಲಿ ಇದೇ ವಿಷಯವನ್ನು ಇನ್ನೂ ತೀಕ್ಷ್ಣವಾಗಿ ಹೇಳುವ ದಾರಿಯೊಂದು ದಕ್ಷಿಣ ಆಫ್ರಿಕದಲ್ಲಿದೆ. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವೆ ಬೆಟ್ಟಗಳನ್ನು ಹತ್ತಿಳಿದು ಸುಮಾರು 90 ಕಿಲೋಮೀಟರು ಓಡುವ ‘ಕಾಮ್ರೇಡ್ಸ್ ಮ್ಯಾರಥಾನ್’ ಅದು. ಮೊದಲ ಮಹಾಯುದ್ಧದಲ್ಲಿ ಮಡಿದ ಸಂಗಾತಿಗಳ ನೆನಪಿಗೆ ವಿಕ್ ಕ್ಲಾಪಮ್ ಎಂಬ ಮಾಜಿ ಸೈನಿಕರು 1921ರ ಮೇ 24ರಂದು ಇದನ್ನು ಆರಂಭಿಸಿದರು. ಅಂದು ಓಡಿದವರು 34 ಮಂದಿ, ಮುಟ್ಟಿದವರು 16. ಇಂದು ಸಾವಿರಾರು ಮಂದಿ ಓಡುತ್ತಾರೆ. ಹನ್ನೆರಡು ಗಂಟೆಗಳು ಮುಗಿದ ಕ್ಷಣದಲ್ಲಿ ಅಧಿಕಾರಿಯೊಬ್ಬರು ಬರುವ ಓಟಗಾರರ ಕಡೆಗೆ ಬೆನ್ನು ಮಾಡಿ ನಿಂತು ಗುಂಡು ಹಾರಿಸುತ್ತಾರೆ. ಒಂದು ಹೆಜ್ಜೆ ಹಿಂದಿದ್ದವನ ಮುಖವನ್ನು ಕಂಡು ಕೈ ತಡೆಯಬಾರದು ಎಂಬುದೇ ಆ ಬೆನ್ನು ತಿರುಗಿಸುವುದರ ಅರ್ಥ. ಬೆಳಗಿನಿಂದ ಓಡಿಬಂದು ಒಂದು ಕ್ಷಣದಲ್ಲಿ ತಪ್ಪಿಸಿಕೊಂಡವನ ಹೆಸರು ಪಟ್ಟಿಯಲ್ಲಿ ಸೇರುವುದಿಲ್ಲ.

ಈ ಪಟ್ಟಿಯ ಇತಿಹಾಸದಲ್ಲಿ ಎರಡು ಪ್ರಸಂಗಗಳು ಅಕ್ಕಪಕ್ಕದಲ್ಲಿಟ್ಟು ನೋಡಬೇಕಾದವು.

ಮೊದಲನೆಯದು 1999ರದು. ಆ ವರ್ಷ ಒಂಬತ್ತನೆಯ ಸ್ಥಾನ ಪಡೆದ ತರುಣನಿಗೆ ಪದಕವೂ ಬಹುಮಾನದ ಹಣವೂ ದೊರೆತವು. ಬಳಿಕ ಪತ್ರಿಕೆಯವರು ಚಿತ್ರಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದಾಗ ಒಂದು ಚಿತ್ರದಲ್ಲಿ ಗಡಿಯಾರ ಒಂದು ಕೈಯಲ್ಲಿಯೂ ಇನ್ನೊಂದು ಚಿತ್ರದಲ್ಲಿ ಮತ್ತೊಂದು ಕೈಯಲ್ಲಿಯೂ ಕಂಡಿತು. ಓಡಿದವನು ಒಬ್ಬನಲ್ಲ, ಒಬ್ಬರನ್ನೊಬ್ಬರು ಹೋಲುವ ಅಣ್ಣತಮ್ಮಂದಿರು. ದಾರಿಬದಿಯ ಶೌಚಾಲಯಗಳಲ್ಲಿ ಉಡುಪನ್ನೂ ಬೂಟುಗಳನ್ನೂ ಬದಲಿಸಿಕೊಂಡು ಸರದಿಯ ಮೇಲೆ ಓಡಿದ್ದರು. ಅವರು ಬಡಕುಟುಂಬದವರು. ಆ ಹಣ ಅವರಿಗೆ ದೊಡ್ಡದು. ಅವರ ಹೆಸರನ್ನು ಇಲ್ಲಿ ಎತ್ತಬೇಕಾದ ಅಗತ್ಯವಿಲ್ಲ. ಬಡತನವು ತಪ್ಪನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ, ಆದರೆ ಅದನ್ನು ಅಳಿಸುವುದಿಲ್ಲ. ಏಕೆಂದರೆ ಅವರ ಹಿಂದೆ ಬಂದವರಲ್ಲಿಯೂ ಬಡವರಿದ್ದಿರಬಹುದು. ಪೂರ್ತಿ ದಾರಿಯನ್ನು ಓಡಿ ಒಂದು ಸ್ಥಾನ ಕೆಳಗಿಳಿದವನ ಪಾಲನ್ನೇ ಅವರು ತೆಗೆದುಕೊಂಡದ್ದು. ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು ಎಂಬ ವ್ರತವನ್ನು ಹಣ, ಒಡವೆಗಳಿಗೆ ಮಾತ್ರ ಸಂಬಂಧಿಸಿ ಯೋಚಿಸುವುದು ನಮ್ಮ ರೂಢಿ. ಆದರೆ ಸ್ಥಾನ, ಮನ್ನಣೆ, ಚಪ್ಪಾಳೆ ಇವು ಕೂಡ ಕದಿಯಬಹುದಾದ ವಸ್ತುಗಳೇ.

ಎರಡನೆಯ ಪ್ರಸಂಗ ಅದಕ್ಕಿಂತ ಬಹು ಹಿಂದಿನದು. 1935ರಲ್ಲಿ ರಾಬರ್ಟ್ ಮ್ಟ್ಶಾಲಿ ಎಂಬವರು ಇದೇ ದಾರಿಯನ್ನು ಸುಮಾರು ಒಂಬತ್ತೂವರೆ ಗಂಟೆಗಳಲ್ಲಿ ಓಡಿ ಮುಗಿಸಿದರು. ಆದರೆ ಅವರು ಕಪ್ಪುವರ್ಣದವರು. ಆಗಿನ ನಿಯಮದಂತೆ ಬಿಳಿಯ ಪುರುಷರಿಗೆ ಮಾತ್ರ ಪ್ರವೇಶ. ಹೀಗಾಗಿ ಅವರ ಓಟ ಅಧಿಕೃತ ಪಟ್ಟಿಯಲ್ಲಿ ದಾಖಲಾಗಲಿಲ್ಲ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬ ಮಹಿಳೆಯ ಓಟಕ್ಕೂ ಇದೇ ಗತಿಯಾಗಿತ್ತು. ಅವರು 11 ಗಂಟೆ 35 ನಿಮಿಷಗಳಲ್ಲಿ ಗುರಿ ಮುಟ್ಟಿದ್ದರು. ಮಹಿಳೆಯರಿಗೂ ಎಲ್ಲ ವರ್ಣದವರಿಗೂ ಅಧಿಕೃತವಾಗಿ ದಾರಿ ತೆರೆದದ್ದು 1975ರಲ್ಲಿ. 2019ರಲ್ಲಿ, ಒಂಬತ್ತರಿಂದ ಹತ್ತು ಗಂಟೆಗಳ ನಡುವೆ ಮುಗಿಸುವವರಿಗಾಗಿ ಹೊಸದೊಂದು ಪದಕವನ್ನು ಸ್ಥಾಪಿಸಿ ಅದಕ್ಕೆ ರಾಬರ್ಟ್ ಮ್ಟ್ಶಾಲಿ ಅವರ ಹೆಸರನ್ನಿಟ್ಟರು. ಎಂಬತ್ತನಾಲ್ಕು ವರ್ಷಗಳ ಬಳಿಕ ಪಟ್ಟಿಯು ತನ್ನ ತಪ್ಪನ್ನು ಒಪ್ಪಿಕೊಂಡಿತು.

ಒಂದೇ ರಸ್ತೆ, ಎರಡು ಪ್ರಸಂಗಗಳು. ಒಂದರಲ್ಲಿ ಪೂರ್ತಿ ಓಡದವನ ಹೆಸರನ್ನು ಬರೆಯಲಾಯಿತು, ಇನ್ನೊಂದರಲ್ಲಿ ಪೂರ್ತಿ ಓಡಿದವರ ಹೆಸರನ್ನು ಬರೆಯಲಿಲ್ಲ. ಎರಡರಲ್ಲಿಯೂ ಸುಳ್ಳಾದದ್ದು ಕಾಗದ. ದಾರಿ ಸುಳ್ಳಾಗಲಿಲ್ಲ. ಮ್ಟ್ಶಾಲಿ ಅವರು ಆ ಬೆಟ್ಟಗಳನ್ನು ಏರಿದ್ದರು, ಅದನ್ನು ಯಾವ ನಿಯಮವೂ ಅವರಿಂದ ಕಿತ್ತುಕೊಳ್ಳುವಂತಿರಲಿಲ್ಲ. ದಾಖಲೆಗೂ ಸತ್ಯಕ್ಕೂ ಇರುವ ಈ ವ್ಯತ್ಯಾಸವನ್ನು ಸಂಸ್ಥೆಗಳನ್ನು ನಡೆಸುವವರು ವಿಶೇಷವಾಗಿ ಗಮನಿಸಬೇಕು. ಪಟ್ಟಿಯನ್ನು ಬರೆಯುವವನ ಕೈಯಲ್ಲಿ ಎರಡು ಬಗೆಯ ಅನ್ಯಾಯಕ್ಕೂ ಅವಕಾಶವಿದೆ.

ಇಂದು ಓಟಗಾರನು ಧರಿಸುವ ಚಿಕ್ಕದೊಂದು ಚಿಪ್ಪು ಅವನು ದಾಟಿದ ಗೆರೆಗಳನ್ನೆಲ್ಲ ದಾಖಲಿಸುತ್ತದೆ. ಸೈಕಲ್ಲಿನ ಹಿಡಿಯ ಮೇಲಿರುವ ಯಂತ್ರವು ಉಪಗ್ರಹಗಳ ನೆರವಿನಿಂದ ದಾರಿಯ ಪ್ರತಿಯೊಂದು ತಿರುವನ್ನೂ ಬರೆದಿಡುತ್ತದೆ. ಇದರಿಂದ ವಂಚನೆ ಕಷ್ಟವಾಗಿದೆ ಎಂಬುದು ನಿಜ. ಆದರೆ ಯಂತ್ರಕ್ಕೆ ಅಂಜಿ ಸರಿಯಾಗಿ ನಡೆಯುವುದೂ ತನಗೆ ತಾನೇ ಸಾಕ್ಷಿಯಾಗಿ ಸರಿಯಾಗಿ ನಡೆಯುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಎಚ್ಚರವಿರುವುದು ಯಂತ್ರಕ್ಕೆ, ಎರಡನೆಯದರಲ್ಲಿ ಮನುಷ್ಯನಿಗೆ.

ದೀರ್ಘ ದಾರಿಯಲ್ಲಿ ಮನುಷ್ಯನು ಇತರರಿಗೆ ಹೇಳಬಹುದಾದ ಸುಳ್ಳಿಗಿಂತ ಅಪಾಯಕಾರಿಯಾದುದು ತನ್ನ ದೇಹಕ್ಕೆ ಹೇಳಿಕೊಳ್ಳುವ ಸುಳ್ಳು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಒಟ್ಟು ನಾಲ್ಕೈದು ನೂರು ಗ್ರಾಮಿನಷ್ಟು. ಕೆಲವೇ ಗಂಟೆಗಳ ಶ್ರಮಕ್ಕೆ ಅದು ತೀರಿಹೋಗುತ್ತದೆ. ಆಗಾಗ ತಿನ್ನದಿದ್ದರೆ ಕಾಲುಗಳು ಇದ್ದಕ್ಕಿದ್ದಂತೆ ಕೈಕೊಡುತ್ತವೆ, ಮನಸ್ಸು ಕುಗ್ಗುತ್ತದೆ. ಬೆವರಿದೆನೆಂದು ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಲವಣದ ಅಂಶ ತೆಳುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ನೋವು ಮರೆಯಲು ನುಂಗುವ ಮಾತ್ರೆಗಳು, ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳನ್ನು ಘಾಸಿಗೊಳಿಸಬಲ್ಲವು. ಹಿಡಿಯನ್ನು ಒತ್ತಿ ಒತ್ತಿ ಅಂಗೈಯ ನರ ಜೋಮು ಹಿಡಿದು, ಸವಾರಿ ಮುಗಿದ ವಾರಗಳ ಬಳಿಕವೂ ಅಂಗಿಯ ಗುಂಡಿ ಹಾಕಲು ಕಷ್ಟಪಡುವವರಿದ್ದಾರೆ. ಎಲ್ಲಕ್ಕಿಂತ ಮಿಗಿಲಾದುದು ನಿದ್ರೆ. ಎರಡು ರಾತ್ರಿ ಸರಿಯಾಗಿ ಮಲಗದ ಸವಾರನ ಕಣ್ಣು ತೆರೆದಿರುವಾಗಲೇ ಮಿದುಳು ಕೆಲವು ಕ್ಷಣ ಮಲಗಿಬಿಡುತ್ತದೆ. ಮರಗಳು ಮನುಷ್ಯರಂತೆ ಕಾಣುತ್ತವೆ. ಬ್ರಿಟನಿ ಪ್ರಾಂತದ ಆ ದಾರಿಯ ಬದಿಯಲ್ಲಿ, ಹುಲ್ಲಿನ ಮೇಲೆ, ಬಸ್ ತಂಗುದಾಣಗಳಲ್ಲಿ, ತೆಳುವಾದ ಹೊದಿಕೆ ಸುತ್ತಿಕೊಂಡು ಮಲಗಿರುವ ಸವಾರರ ದೃಶ್ಯ ಸಾಮಾನ್ಯ. ನೋಡುವವರಿಗೆ ಅದು ಸೋಲಿನಂತೆ ತೋರಬಹುದು. ವಾಸ್ತವವಾಗಿ ಅದೇ ಆ ಸವಾರಿಯ ಅತ್ಯಂತ ವಿವೇಕದ ಗಳಿಗೆ. ತೂಕಡಿಸುತ್ತ ಇಳಿಜಾರಿನಲ್ಲಿ ಸಾಗುವವನು ತನ್ನನ್ನಷ್ಟೇ ಅಲ್ಲ, ಎದುರಿಗೆ ಬರುವ ನಿರಪರಾಧಿಯನ್ನೂ ಗಾಯಗೊಳಿಸಬಹುದು. ಪ್ರಮಾದದಿಂದ ಆಗುವ ಹಿಂಸೆಯೂ ಹಿಂಸೆಯೇ.

ನಮ್ಮ ಮನೆಗಳಲ್ಲಿ ಕಾಯಕ್ಲೇಶ, ಉಪವಾಸ, ವಿಹಾರ ಎಂಬ ಶಬ್ದಗಳು ಪರಿಚಿತವಾದುವು. ಬರಿಗಾಲಿನಲ್ಲಿ ಊರಿಂದೂರಿಗೆ ನಡೆಯುವ ತ್ಯಾಗಿಗಳನ್ನು ಕಂಡು ಬೆಳೆದವರಿಗೆ ಈ ಸವಾರಿಗಳೂ ಒಂದು ಬಗೆಯ ತಪಸ್ಸೇ ಎಂದು ತೋರುವುದು ಸಹಜ. ಆದರೆ ಹಾಗೆ ಹೇಳುವುದು ಎರಡಕ್ಕೂ ನ್ಯಾಯವಲ್ಲ. ತಪಸ್ಸಿನ ಗುರಿ ಕರ್ಮದ ನಿರ್ಜರೆ. ಕ್ರೀಡೆಯ ಗುರಿ ಅದಲ್ಲ, ಅದಾಗಿರಬೇಕಾದ ಅಗತ್ಯವೂ ಇಲ್ಲ. ದೇಹವನ್ನು ದಂಡಿಸಿದ ಮಾತ್ರಕ್ಕೆ ಕಷಾಯಗಳು ತೆಳುವಾಗುವುದಿಲ್ಲ. ‘ಇಷ್ಟು ದೂರ ಹೋದೆ’ ಎಂಬ ಅಭಿಮಾನದಿಂದ ಮಾನಕಷಾಯ ಇನ್ನಷ್ಟು ದಪ್ಪವಾಗಲೂಬಹುದು. ಕ್ರೀಡೆ ಕೊಡಬಲ್ಲದ್ದು ಇದಕ್ಕಿಂತ ಚಿಕ್ಕದು, ಆದರೆ ಅಲ್ಪವಲ್ಲ. ತನ್ನ ಅಳತೆಯನ್ನು ತಾನು ಅರಿಯುವ ಒಂದು ಅವಕಾಶವನ್ನು ಅದು ಕೊಡುತ್ತದೆ.

ಆ ಅರಿವಿನಲ್ಲಿ ನಿಲ್ಲುವುದನ್ನು ಬಲ್ಲುದೂ ಸೇರಿದೆ. 2019ರಲ್ಲಿ ಭಾರತದಿಂದ ನೂರಾರು ಸವಾರರು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಹೋಗಿದ್ದರು. ಬಯಲುಸೀಮೆಯ ಬಿಸಿಲಿನಲ್ಲಿ, ಅಗಲವಾದ ಹೆದ್ದಾರಿಗಳಲ್ಲಿ ಅಭ್ಯಾಸ ಮಾಡಿದ್ದವರು ಹಲವರು. ಅಲ್ಲಿ ಎದುರಾದದ್ದು ಪಶ್ಚಿಮದ ಎದುರುಗಾಳಿ, ಒಂದರ ಹಿಂದೆ ಒಂದರಂತೆ ಬರುವ ದಿಣ್ಣೆಗಳು, ಹತ್ತು ಡಿಗ್ರಿಗೂ ಕೆಳಗಿಳಿದ ರಾತ್ರಿಯ ಚಳಿ. ಹೆಚ್ಚಿನವರಿಗೆ ನಿಗದಿತ ಅವಧಿಯೊಳಗೆ ಮುಗಿಸಲಾಗಲಿಲ್ಲ. ವರ್ಷಗಳ ಅಭ್ಯಾಸ, ಕೂಡಿಟ್ಟ ಹಣ, ಮನೆಯವರ ನಿರೀಕ್ಷೆ ಇವೆಲ್ಲವನ್ನೂ ಹೊತ್ತು ಹೋದವನು ಅಪರಿಚಿತವಾದ ಊರೊಂದರ ತಪಾಸಣಾ ಕೇಂದ್ರದಲ್ಲಿ ಕಾರ್ಡನ್ನು ಮೇಜಿನ ಮೇಲಿಟ್ಟು ‘ನನ್ನಿಂದ ಇಷ್ಟೇ’ ಎಂದು ಹೇಳುವುದು ಸುಲಭವಲ್ಲ. ಅಲ್ಲಿ ಯಾರೂ ಅವನನ್ನು ಬಲವಂತವಾಗಿ ನಿಲ್ಲಿಸಿರುವುದಿಲ್ಲ. ತನ್ನ ಬಗೆಗಿನ ಸತ್ಯವನ್ನು ತಾನೇ ನುಡಿದು ನಿಂತವನು ಅವನು. ಮುಗಿಸಿದವನ ಕಾರ್ಡಿನಲ್ಲಿ ಎಷ್ಟು ಸತ್ಯವಿದೆಯೋ ಅರ್ಧಕ್ಕೆ ನಿಂತ ಇಂಥವನ ಕಾರ್ಡಿನಲ್ಲಿಯೂ ಅಷ್ಟೇ ಸತ್ಯವಿದೆ. ಊರಿಗೆ ಮರಳಿದಾಗ ‘ಮುಗಿಯಿತೇ?’ ಎಂದು ಕೇಳುವ ನೆಂಟರಿಗೆ ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಬಲ್ಲವನು ಆ ದಾರಿಯಿಂದ ಏನನ್ನೋ ಪಡೆದೇ ಬಂದಿದ್ದಾನೆ.

ಈಗ ಬೆಂಗಳೂರು ಮೊದಲಾದ ನಮ್ಮ ನಗರಗಳಲ್ಲಿಯೂ ಬ್ರೆವೆಗಳು ನಡೆಯುತ್ತವೆ. ನಸುಕಿನಲ್ಲಿ ಹೊರಡುವ ಸವಾರರಲ್ಲಿ ವೈದ್ಯರು, ಗುಮಾಸ್ತರು, ಅಂಗಡಿಯವರು, ನಿವೃತ್ತರು ಎಲ್ಲರೂ ಇರುತ್ತಾರೆ. ಕೆಲವೆಡೆ ತಪಾಸಣೆಗೆ ಕಾರ್ಯಕರ್ತರು ಇರುವುದಿಲ್ಲ. ರಸ್ತೆಬದಿಯ ಹೋಟೆಲಿನಲ್ಲಿ ಒಂದು ಚಹಾ ಕುಡಿದು, ವೇಳೆ ಅಚ್ಚಾಗಿರುವ ರಸೀದಿಯನ್ನು ಇಟ್ಟುಕೊಂಡರೆ ಅದೇ ಸಾಕ್ಷಿ. ಹತ್ತು ರೂಪಾಯಿಯ ಆ ಚೀಟಿಯನ್ನು ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ಯುವ ಸವಾರನನ್ನು ಕಂಡರೆ ನಗು ಬರಬಹುದು. ಆದರೆ ಚಿಕ್ಕ ವಿಷಯದಲ್ಲಿನ ಈ ನಿಷ್ಠೆಯೇ ದೊಡ್ಡ ವಿಷಯದಲ್ಲಿನ ನಿಷ್ಠೆಗೆ ಅಭ್ಯಾಸ.

ಈ ಹವ್ಯಾಸಕ್ಕೆ ಇನ್ನೊಂದು ಲೆಕ್ಕವೂ ಇದೆ. ಅದು ಯಾವ ಕಾರ್ಡಿನಲ್ಲಿಯೂ ಬರುವುದಿಲ್ಲ. ಭಾನುವಾರಗಳನ್ನೆಲ್ಲ ರಸ್ತೆಯಲ್ಲಿ ಕಳೆಯುವವನ ಮನೆಯಲ್ಲಿ ಆ ಭಾನುವಾರಗಳ ಹೊರೆಯನ್ನು ಮತ್ತೊಬ್ಬರು ಹೊತ್ತಿರುತ್ತಾರೆ. ಮಗುವಿನ ಜ್ವರ, ಅತ್ತೆಯವರ ಔಷಧಿ, ಮದುವೆಗೆ ಹೋಗಿ ಬರುವ ಕರ್ತವ್ಯ ಇವು ಯಾವುವೂ ಸವಾರನಿಗಾಗಿ ಕಾಯುವುದಿಲ್ಲ. ತಪಾಸಣಾ ಸ್ಥಳಗಳ ನಡುವೆ ಹೊರಗಿನ ನೆರವಿಲ್ಲದೆ ಬಂದೆನೆಂದು ಹೆಮ್ಮೆಪಡುವವನು, ತನ್ನನ್ನು ಮನೆಯಿಂದ ಬಿಟ್ಟುಕೊಟ್ಟವರ ನೆರವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆಯೇ ಎಂದು ಕೇಳಿಕೊಳ್ಳಬೇಕು. ಪೂರ್ತಿ ಸ್ವಾವಲಂಬಿ ಎಂಬವನು ಲೋಕದಲ್ಲಿ ಯಾರೂ ಇಲ್ಲ.

ಇದನ್ನು ಆ ಫ್ರೆಂಚ್ ದಾರಿಯ ಹಳ್ಳಿಗರು ಯಾವ ಉಪದೇಶವೂ ಇಲ್ಲದೆ ತಿಳಿಸಿಕೊಡುತ್ತಾರೆ. ಸವಾರರು ಹಾದುಹೋಗುವ ದಿನಗಳಲ್ಲಿ, ಹಗಲು ರಾತ್ರಿಯೆನ್ನದೆ, ಮನೆಯ ಮುಂದೆ ಮೇಜು ಹಾಕಿ ನೀರು, ಕಾಫಿ, ತಿಂಡಿಗಳನ್ನು ಇಟ್ಟು ಕಾಯುವ ಕುಟುಂಬಗಳು ಹಲವು. ಲಾ ತಾನಿಯೇರ್ ಎಂಬ ಪುಟ್ಟ ಹಳ್ಳಿಯ ಒಂದು ಮನೆಯವರು ವರ್ಷಾನುಗಟ್ಟಲೆ ಹೀಗೆ ಮಾಡಿ ಸವಾರರ ನಡುವೆ ಪ್ರಸಿದ್ಧರಾಗಿದ್ದಾರೆ. ಕೊಟ್ಟದ್ದಕ್ಕೆ ಅವರು ಹಣ ತೆಗೆದುಕೊಳ್ಳುವುದಿಲ್ಲ. ಊರಿಗೆ ಹೋದ ಮೇಲೆ ಒಂದು ಅಂಚೆ ಕಾರ್ಡು ಹಾಕಿ ಎಂದಷ್ಟೇ ಕೇಳುತ್ತಾರೆ. ಪರದೇಶದ ದಣಿದ ಸವಾರನು ವಿಳಾಸವನ್ನು ಬರೆದುಕೊಂಡು ಕತ್ತಲಲ್ಲಿ ಮುಂದೆ ಸಾಗುತ್ತಾನೆ. ಅವನು ಕಾರ್ಡು ಹಾಕಿದನೇ ಎಂದು ಬೆನ್ನು ಹತ್ತಿ ಕೇಳುವವರು ಯಾರೂ ಇಲ್ಲ. ಆದರೂ ಲೋಕದ ನಾನಾ ದೇಶಗಳಿಂದ ಆ ಮನೆಗೆ ಕಾರ್ಡುಗಳು ಬಂದಿವೆ.

ಹೀಗೆ ಆ ದಾರಿಯಲ್ಲಿ ಎರಡು ಕಾರ್ಡುಗಳಿವೆ. ಒಂದಕ್ಕೆ ಮುದ್ರೆ ಒತ್ತುವವರಿದ್ದಾರೆ, ವೇಳೆ ಬರೆಯುವವರಿದ್ದಾರೆ, ಪರಿಶೀಲಿಸುವ ಸಂಘವಿದೆ. ಇನ್ನೊಂದಕ್ಕೆ ಇವು ಯಾವುವೂ ಇಲ್ಲ. ಮನೆಗೆ ಮರಳಿ, ಕಾಲಿನ ನೋವು ಇಳಿದು, ಊರಿನ ಕೆಲಸಗಳು ಮತ್ತೆ ಮುತ್ತಿಕೊಂಡ ಒಂದು ಸಂಜೆ, ಯಾರೂ ಕೇಳದಿದ್ದರೂ ನೆನಪಿಟ್ಟುಕೊಂಡು ಅಂಚೆ ಪೆಟ್ಟಿಗೆಯವರೆಗೆ ನಡೆದು ಹೋಗುವ ಆ ನೂರು ಹೆಜ್ಜೆಗಳನ್ನು ಯಾವ ಯಂತ್ರವೂ ದಾಖಲಿಸುವುದಿಲ್ಲ. ಸಾವಿರದ ಇನ್ನೂರು ಕಿಲೋಮೀಟರುಗಳ ಸವಾರಿ ಆ ನೂರು ಹೆಜ್ಜೆಗಳನ್ನು ಕಲಿಸಿದ್ದರೆ ಸವಾರನ ಶ್ರಮ ಸಾರ್ಥಕ.